ಎನ್‌ಡಿ ಫಿಲ್ಟರ್ ಹಾಕಿದರೂ ಡ್ರೋನ್ ವಿಡಿಯೋದಲ್ಲಿ ಕಪ್ಪು ಗೆರೆ!

ಗಾಳಿಪಟ_ಕುಂದಾಪ್ರ: ತಲೆ ಕೆಟ್ಟು ಹೋಗಿದೆ. ಮರವಂತೆಯಲ್ಲಿ ಸಂಜೆ ಹಾರಿಸಿದೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ಹೈವೇ. ಆದರೆ ಕೆಲವು ಶಾಟ್‌ಗಳ ಮೇಲ್ಭಾಗದಲ್ಲಿ ಕಪ್ಪು ಗೆರೆಗಳು ಪಟಪಟ ಮಿನುಗುತ್ತಿವೆ. ಲೆನ್ಸ್‌ಗೆ ಎನ್‌ಡಿ16 (ಬೆಳಕು ತಗ್ಗಿಸುವ ಕಪ್ಪು ಗಾಜು) ಹಾಕಿದ್ದೆ. ಫಿಲ್ಟರೇ ಡೂಪ್ಲಿಕೇಟಾ?

ಲೆನ್ಸ್_ಮಾವ: ಯಾವ ಡ್ರೋನ್? ಶಟರ್, ಅಂದರೆ ಒಂದೊಂದು ಫ್ರೇಮ್‌ಗೆ ಬೆಳಕು ಬೀಳುವ ಹೊತ್ತು, ಎಷ್ಟಿತ್ತು? ಇದೇನೂ ಹೇಳದಿದ್ದರೆ ನಾವು ಕಣಿ ಹೇಳಬೇಕಷ್ಟೆ.

ರೋಟರ್_ರಾಜ: ಜೆಲ್ಲೋ, ಅಂದರೆ ನಡುಕಕ್ಕೆ ಚಿತ್ರ ಅಲುಗಾಡೋದು. ರೆಕ್ಕೆ ಬ್ಯಾಲೆನ್ಸ್ ತಪ್ಪಿದೆ, ಬದಲಿಸಿ.

ಗಾಳಿಪಟ_ಕುಂದಾಪ್ರ: ಮಿನಿ 3 ಪ್ರೊ. ರೆಕ್ಕೆ ಹೊಸದು.

ರೋಟರ್_ರಾಜ: ಹೊಸದರಲ್ಲೂ ಇರುತ್ತದೆ. ಸ್ಕ್ರೂ ನೋಡಿ. ಗಿಂಬಲ್ (ಕ್ಯಾಮರಾ ಅಲುಗದಂತೆ ಹಿಡಿಯುವ ಭಾಗ) ರಬ್ಬರ್ ನೋಡಿ.

ಲೆನ್ಸ್_ಮಾವ: ಜೆಲ್ಲೋ ಆದರೆ ಇಡೀ ಚಿತ್ರ ಕುಣಿಯುತ್ತದೆ ರಾಜರೇ. ಇವರು ಹೇಳ್ತಿರೋದು ಗೆರೆ. ಸೂರ್ಯ ಎದುರಿಗಿದ್ದನಾ?

ಗಾಳಿಪಟ_ಕುಂದಾಪ್ರ: ಹೌದು, ಸಮುದ್ರದ ಕಡೆ ಮುಖ. ಆಟೋ ಮೋಡ್. ಎನ್‌ಡಿ ಇದ್ದರೆ ಶಟರ್ ತಾನಾಗಿ ಇಳಿಯುತ್ತದೆ ಅಲ್ವಾ?

ಲೆನ್ಸ್_ಮಾವ: ಇಳಿಯುತ್ತದೆ, ಸಾಕಾಗುವುದಿಲ್ಲ. ನಿಮ್ಮ ಲೆನ್ಸ್‌ನ ಕಿಂಡಿ ಎಫ್/1.7, ಬದಲಿಸೋಕೆ ಬರಲ್ಲ. ಒಳ್ಳೆ ಬಿಸಿಲಲ್ಲಿ ಐಎಸ್ಒ (ಬೆಳಕಿನ ಸೂಕ್ಷ್ಮತೆ) 100ಕ್ಕೆ ಶಟರ್ ಸುಮಾರು 1/8000 ಸೆಕೆಂಡ್. ಎನ್‌ಡಿ16 ಅಂದರೆ 4 ಸ್ಟಾಪ್ (ಒಂದೊಂದಕ್ಕೂ ಬೆಳಕು ಅರ್ಧ), ಬಂದು ನಿಲ್ಲೋದು 1/500ಕ್ಕೆ. ಸೆಕೆಂಡಿಗೆ 25 ಫ್ರೇಮ್‌ಗೆ ಬೇಕಾದ್ದು 1/50. ಎದುರು ಸೂರ್ಯ ಇದ್ದಾಗ ರೆಕ್ಕೆಯ ನೆರಳು ಲೆನ್ಸ್ ಮೇಲೆ ಬೀಳುತ್ತದೆ. ಶಟರ್ ಚುರುಕಾದಷ್ಟೂ ಅದು ಗೆರೆಯಾಗಿ ಅಚ್ಚಾಗುತ್ತದೆ. ಸಂಜೆಗೆ ಇನ್ನೂ ಕಪ್ಪಾದ ಎನ್‌ಡಿ64 ಹಾಕಿ, ಮ್ಯಾನುವಲ್‌ನಲ್ಲಿ 1/50 ಕಟ್ಟಿ. ಕ್ಯಾಮರಾ ಸ್ವಲ್ಪ ಕೆಳಗೆ ಬಾಗಿಸಿ, ಇಲ್ಲವೇ ಸೂರ್ಯನಿಗೆ ಓರೆಯಾಗಿ ಹಾರಿಸಿ. ನಿಜ ಹೇಳಬೇಕೆಂದರೆ ಫಿಲ್ಟರ್‌ಗಿಂತ ಈ ಕೊನೆಯದೇ ಜಾಸ್ತಿ ಕೆಲಸ ಮಾಡುತ್ತದೆ.

ಮೈಸೂರು_4ಕೆ: 25 ಯಾಕೆ? 30 ಫ್ರೇಮ್, 1/60 ಇಡಿ. ಮೊಬೈಲಲ್ಲಿ ನುಣುಪಾಗಿ ಕಾಣುತ್ತದೆ.

ಲೆನ್ಸ್_ಮಾವ: ನಮ್ಮ ಕರೆಂಟು 50 ಹರ್ಟ್ಸ್. 1/60ಕ್ಕೆ ಬೀದಿದೀಪ ಮಿನುಗುತ್ತದೆ.

ಮೈಸೂರು_4ಕೆ: ಅರಬ್ಬೀ ಸಮುದ್ರದ ಮೇಲೆ ಯಾವ ಬೀದಿದೀಪ ಸ್ವಾಮಿ? ಸುಮ್ನೆ ಮ್ಯಾವಿಕ್ 3 ತಗೊಳ್ಳಿ. ಅದರಲ್ಲಿ ಕಿಂಡಿ ಕಿರಿದಾಗಿಸಬಹುದು, ನಾನು ಎಫ್/8 ಇಟ್ಟು ಎನ್‌ಡಿ8 ಒಂದರಲ್ಲೇ ಬಿಸಿಲು ಮುಗಿಸುತ್ತೇನೆ. ಎಫ್/11ವರೆಗೂ ಹೋಗಬಹುದು.

ಲೆನ್ಸ್_ಮಾವ: ಎಫ್/11ಕ್ಕೆ ಹೋದರೆ ಚಿತ್ರ ಮೆತ್ತಗಾಗುತ್ತದೆ, ಅದನ್ನೂ ಹೇಳಿ. ಅವರು ಕೇಳಿದ್ದು ಡ್ರೋನ್ ಅಂಗಡಿ ದಾರಿ ಅಲ್ಲ.

ಗಾಳಿಪಟ_ಕುಂದಾಪ್ರ: ಎನ್‌ಡಿ64 ಹಾಕಿದರೆ ಗಿಂಬಲ್ ಎರರ್ ಬರಲ್ವಾ?

ಲೆನ್ಸ್_ಮಾವ: ಡ್ರೋನ್ ಆಫ್ ಇರುವಾಗಲೇ ಹಾಕಿ. ನಿಮ್ಮ ಮಾಡೆಲ್‌ಗೇ ಮಾಡಿದ್ದು ತಗೊಳ್ಳಿ, ತೂಕ ಸರಿ ಇರುತ್ತದೆ.

ರೋಟರ್_ರಾಜ: ಏನೇ ಹೇಳಿ, ರೆಕ್ಕೆ ಒಂದ್ಸಲ ಬದಲಿಸಿ ನೋಡಿ.