ಒಂದೇ ಮನೆ, ಒಂದೇ ಊಟ, ಆದರೆ ಇಮ್ಯೂನಿಟಿ ಮಾತ್ರ ಬೇರೆ ಬೇರೆ ಯಾಕೆ?

ಪ್ರಶ್ನೆ:
ನನಗೂ ಅಕ್ಕನಿಗೂ ಎರಡೇ ವರ್ಷದ ಅಂತರ. ಇಬ್ಬರೂ ಆರೋಗ್ಯವಾಗಿದ್ದೇವೆ. ಆದರೆ ಒಂದೇ ದಿನ ಒಂದೇ ಲಸಿಕೆ ಹಾಕಿಸಿಕೊಂಡರೂ ಅವಳಿಗೆ ಎರಡು ದಿನ ಜ್ವರ, ನನಗೆ ತೋಳು ನೋವು ಬಿಟ್ಟರೆ ಏನೂ ಇಲ್ಲ. ಮನೆಯಲ್ಲಿ ವಾಂತಿ ಭೇದಿ ಶುರುವಾದಾಗಲೂ ಮೊದಲು ಮಲಗುವವಳು ಅವಳೇ. ಇದೆಲ್ಲ ಜೀನ್‌ನಲ್ಲೇ ಇರುತ್ತದಾ? ನನ್ನದು ಗಟ್ಟಿ, ಅವಳದ್ದು ವೀಕ್ ಅಂತಲಾ?

ಉತ್ತರ 1:
ಗಟ್ಟಿ, ವೀಕ್ ಅನ್ನೋ ಲೆಕ್ಕ ಮೊದಲು ಬಿಡಿ. ಆರನೇ ಕ್ರೋಮೋಸೋಮಿನಲ್ಲಿ ಎಚ್‌ಎಲ್‌ಎ ಅಂತ ಜೀನ್‌ಗಳ ಗುಂಪಿದೆ. ಕೋಶದೊಳಗೆ ಸೇರಿದ ವೈರಸ್ಸಿನ ಚೂರುಗಳನ್ನು ಹೊರಗೆ ಎತ್ತಿ ಹಿಡಿದು ಟಿ ಕೋಶಗಳಿಗೆ (ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಿಗೆ) ತೋರಿಸುವ ಪ್ರೋಟೀನ್‌ಗಳು ಇವುಗಳಿಂದಲೇ ಬರುತ್ತವೆ. ಇವುಗಳಿಗೆ ಸಾವಿರಾರು ರೂಪ. ನಿಮ್ಮ ರೂಪ ಒಂದು ಚೂರನ್ನು ಚೆನ್ನಾಗಿ ಹಿಡಿದರೆ ಅಕ್ಕನದ್ದು ಇನ್ನೊಂದನ್ನು ಹಿಡಿಯುತ್ತದೆ, ಅಷ್ಟೇ. ಅಪ್ಪನಿಂದ ಒಂದು ಸೆಟ್, ಅಮ್ಮನಿಂದ ಒಂದು ಸೆಟ್ ಬರುವುದರಿಂದ ಒಡಹುಟ್ಟಿದವರಲ್ಲೂ ಎರಡೂ ಸೆಟ್ ಒಂದೇ ಆಗಿರುವ ಸಾಧ್ಯತೆ ಬರೀ 25%. ಎಚ್‌ಎಲ್‌ಎ-ಬಿ27 ಅನ್ನೋ ರೂಪ ಎಚ್‌ಐವಿಯನ್ನು ಹತೋಟಿಯಲ್ಲಿಡಲು ನೆರವಾಗುತ್ತದೆ, ಅದೇ ರೂಪ ಇದ್ದವರಿಗೆ ಬೆನ್ನುಮೂಳೆಯ ಸಂಧಿವಾತದ ಅಪಾಯವೂ ಜಾಸ್ತಿ. ಇದನ್ನು ಒಳ್ಳೆಯದು ಅನ್ನೋದಾ, ಕೆಟ್ಟದ್ದು ಅನ್ನೋದಾ?

ಉತ್ತರ 2:
ವಾಂತಿ ಭೇದಿ ವಿಷಯಕ್ಕೆ ಎಫ್‌ಯುಟಿ2 ಜೀನ್ ನೋಡಿ. ವಾಂತಿ ಭೇದಿ ತರುವ ನೊರೊವೈರಸ್ ಕರುಳಿನ ಒಳಪದರದ ಮೇಲಿನ ಕೆಲವು ಸಕ್ಕರೆಗಳಿಗೆ ಅಂಟಿಕೊಳ್ಳುತ್ತದೆ. ಅಪ್ಪ ಅಮ್ಮ ಇಬ್ಬರಿಂದಲೂ ಈ ಜೀನಿನ ಕೆಲಸ ಮಾಡದ ಪ್ರತಿ ಬಂದಿದ್ದರೆ ಆ ಸಕ್ಕರೆಯೇ ಇರುವುದಿಲ್ಲ, ಈ ವೈರಸ್ಸಿನ ಎಷ್ಟೋ ತಳಿಗಳಿಗೆ ಹಿಡಿಯಲು ಜಾಗ ಸಿಗುವುದಿಲ್ಲ. ಯುರೋಪ್ ಮೂಲದವರಲ್ಲಿ ಸುಮಾರು 20% ಜನ ಹೀಗಿದ್ದಾರೆ. ನೀವೂ ಅವರಲ್ಲೊಬ್ಬರು ಅಂತ ಟೆಸ್ಟ್ ಮಾಡಿಸದೆ ಹೇಳೋಕಾಗಲ್ಲ.

ಉತ್ತರ 3:
ಎಲ್ಲವನ್ನೂ ಜೀನ್ ತಲೆಗೆ ಕಟ್ಟಬೇಡಿ ಅಂತ ನನ್ನ ಕೋರಿಕೆ. 2015ರಲ್ಲಿ ಆರೋಗ್ಯವಂತ ಅವಳಿಗಳು 210 ಮಂದಿಯ ರಕ್ತದಲ್ಲಿ ರೋಗನಿರೋಧಕ ವ್ಯವಸ್ಥೆಯ 204 ಅಂಶಗಳನ್ನು ಅಳೆದು ನೋಡಿದರು. ಮುಕ್ಕಾಲು ಪಾಲಿನಲ್ಲಿ ಜೀನಿಗಿಂತ ಬೇರೆ ಕಾರಣಗಳದ್ದೇ ಮೇಲುಗೈ. ಜೀನ್ ಒಂದೇ ಆಗಿರುವ ಅವಳಿಗಳಲ್ಲೂ ಒಬ್ಬರಿಗೆ ಸೈಟೋಮೆಗಾಲೊವೈರಸ್ (ಆರೋಗ್ಯವಂತರಲ್ಲಿ ಹೆಚ್ಚಾಗಿ ಲಕ್ಷಣವನ್ನೇ ತೋರಿಸದ ಒಂದು ಸಾಮಾನ್ಯ ವೈರಸ್) ತಗುಲಿ ಇನ್ನೊಬ್ಬರಿಗೆ ತಗುಲದಿದ್ದರೆ ಅರ್ಧಕ್ಕಿಂತ ಜಾಸ್ತಿ ಅಂಶಗಳು ಬೇರೆಯಾಗಿದ್ದವು! ಫ್ರಾನ್ಸ್‌ನಲ್ಲಿ 1,000 ಆರೋಗ್ಯವಂತರನ್ನು ಪರೀಕ್ಷಿಸಿದಾಗಲೂ ಜೀನಿನ ಪ್ರಭಾವ ಹುಟ್ಟಿನಿಂದ ಬಂದ ರಕ್ಷಣೆಯ ಕೋಶಗಳಲ್ಲಿ ಹೆಚ್ಚು ಕಂಡಿತು. ಸೋಂಕಿನಿಂದ ಕಲಿಯುವ ಕೋಶಗಳಲ್ಲಿ ವಯಸ್ಸು, ಸೈಟೋಮೆಗಾಲೊವೈರಸ್, ಸಿಗರೇಟು ಇವುಗಳ ಗುರುತು ಎದ್ದು ಕಾಣುತ್ತಿತ್ತು.

ಪ್ರಶ್ನೆ ಕೇಳಿದವರು:
ಅಕ್ಕನಿಗೂ ಓದಿಸಿದೆ, ತುಂಬಾ ಥ್ಯಾಂಕ್ಸ್. ಆ ಸೈಟೋಮೆಗಾಲೊವೈರಸ್ ನಮಗೆ ಬಂದು ಹೋಗಿದೆಯಾ ಅಂತ ಗೊತ್ತಾಗುತ್ತದಾ?

ಉತ್ತರ 3:
ಅದು ಬಂದರೆ ಹೋಗುವುದಿಲ್ಲ, ಒಳಗೇ ಸುಮ್ನೆ ಉಳಿದುಬಿಡುತ್ತದೆ. ರಕ್ತದಲ್ಲಿ ಆಂಟಿಬಾಡಿ ನೋಡಿದರೆ ತಿಳಿಯುತ್ತದೆ. ಆರೋಗ್ಯವಾಗಿರುವ ನಿಮ್ಮಿಬ್ಬರಿಗೆ ಆ ಟೆಸ್ಟ್ ಬೇಕಾಗಿಲ್ಲ.