ಸ್ಕರ್ಟಿಂಗ್‌ಗೆ "ಕಾರಣೆ" ಅನ್ನಬಹುದಾ? ಅದರ ತೂತು ಮುಚ್ಚೋದಾ, ಮೆತ್ತೋದಾ?

ಎಲ್ರಿಗೂ ನಮಸ್ಕಾರ. ಗೋಡೆ ಬುಡದಲ್ಲಿ ನೆಲಕ್ಕೆ ತಾಗಿ ಒಂದು ಪಟ್ಟಿ ಕೂರಿಸ್ತಾರಲ್ಲ, ಸ್ಕರ್ಟಿಂಗ್, ಅದಕ್ಕೆ ನಿಮ್ಮ ಕಡೆ ಎಂತ ಅಂತೀರಿ ಮಾರಾಯ್ರೆ? ಶಿವಮೊಗ್ಗ ಪೇಟೇಲಿ ಗಾರೆಯವರು, ಟೈಲ್ಸ್‌ನವರು, ಬಡಗಿ ಎಲ್ರಿಗೂ ಅದು ಸ್ಕರ್ಟಿಂಗೇ, ನಾನೂ ಹಂಗೇ ಅನ್ನೋದು, ಬದಲಾಯಿಸ್ಬೇಕು ಅನ್ನೋ ಹಟ ಏನಿಲ್ಲ. ಮನೆಯ ಸಣ್ಣಪುಟ್ಟ ರಿಪೇರಿ ಬಗ್ಗೆ ಕನ್ನಡದಲ್ಲಿ ಬರೀತಾ ಇದೀನಿ, ಅದಕ್ಕೆ ಕೇಳ್ತಿರೋದು.

ನಮ್ಮ ತೀರ್ಥಹಳ್ಳಿ ಕಡೆ ಹಳೇ ಮಣ್ಣುಗೋಡೆ ಮನೆಗಳಲ್ಲಿ ನೆಲಕ್ಕೆ ಸಗಣಿ ಸಾರ್ಸಿ ಗೋಡೆ ಬುಡಕ್ಕೆ ಗೇಣಗಲ ಕೆಮ್ಮಣ್ಣು ಬಳೀತಿದ್ರು, ಅದು ಕಾರಣೆ. ಸಾರಣೆ ಕಾರಣೆ ಅಂತ ಜೋಡಿಯಾಗೇ ಬರೋ ಮಾತು. ನೆಲ ಒರೆಸುವಾಗ ಸಿಡಿಯೋ ಕೊಳೆ ಬಿಳಿ ಸುಣ್ಣದ ಮೇಲೆ ಕಾಣ್ಬಾರ್ದು, ಆ ಉಪಯೋಗ ಎರಡಕ್ಕೂ ಒಂದೇ. ಆದ್ರೆ ಕಾರಣೆ ಬಳಿಯೋದು, ಅದಕ್ಕೆ ದಪ್ಪ ಅಂತ ಇಲ್ಲ. ಸ್ಕರ್ಟಿಂಗ್ ಕೂರಿಸೋದು, ಹಿಂದೆ ಸಂದಿ ಇರುತ್ತೆ, ವೈರ್ ಹೋಗುತ್ತೆ, ಇರುವೆ ಸಂಸಾರ ಹೂಡುತ್ತೆ. "ಕಾರಣೇಲಿ ತೂತು" ಅಂದ್ರೆ ನಮ್ಮಜ್ಜಿ ನಕ್ಕುಬಿಡ್ತಾರೆ.

ಇನ್ನು ಕ್ರಿಯಾಪದದ ವಿಷಯ, ಇದೇ ನನಗೆ ಜಾಸ್ತಿ ತಲೆ ತಿಂತಿರೋದು. ಹಳೇ ಇಂಟರ್ನೆಟ್ ವೈರ್ ಕಿತ್ತಮೇಲೆ ನಮ್ಮನೆ ಮರದ ಸ್ಕರ್ಟಿಂಗಲ್ಲಿ ಹೆಬ್ಬೆರಳು ತೂರೋವಷ್ಟು ತೂತು ಉಳೀತು. ಬಡಗಿ ನೋಡಿದವರೇ "ಗೋಡೆ ಪುಟ್ಟಿ ಮೆತ್ತೀರಿ ಮತ್ತೆ" ಅಂದ್ರು, ಯಾಕಂದ್ರೆ ನಮ್ಮ ಮಳೆಗಾಲಕ್ಕೆ ಮರ ಉಬ್ಬುತ್ತೆ, ಬೇಸಿಗೇಲಿ ಎಳ್ಕೊಳ್ಳುತ್ತೆ, ಸಿಮೆಂಟಿನ ಪುಟ್ಟಿ ಅದರ ಜೊತೆ ಹಿಗ್ಗಲ್ಲ ಕುಗ್ಗಲ್ಲ, ಚಕ್ಕೆ ಎದ್ದು ಬೀಳುತ್ತೆ. ಅವರು ತೂತನ್ನ ಉಳೀಲಿ ಚೌಕ ಮಾಡ್ಕೊಂಡು, ಅದೇ ಜಾತಿ ಮರದ ತುಂಡಿಗೆ ಫೆವಿಕಾಲ್ ಹಚ್ಚಿ, ಮರದ ಗೆರೆ ಒಂದೇ ದಿಕ್ಕಿಗೆ ಬರೋ ಹಂಗೆ ತಟ್ಟಿ ಕೂರ್ಸಿದ್ರು. ಸುತ್ತ ಉಳಿದ ಸಂದಿಗೆ ಗರಗಸದ ಹೊಟ್ಟನ್ನ ಫೆವಿಕಾಲಲ್ಲಿ ಗಟ್ಟಿಯಾಗಿ ಕಲಸಿ ತುಂಬಿ, ಒಣಗಿದ್ಮೇಲೆ ಉಪ್ಪುಕಾಗದ ಹಾಕಿ ಉಜ್ಜಿದ್ರು. ಬಣ್ಣ ಹೊಡೆದ್ಮೇಲೆ ಜಾಗ ಗೊತ್ತೇ ಆಗಲ್ಲ. ಟೈಲ್ಸ್ ಸ್ಕರ್ಟಿಂಗ್ ಆಗಿದ್ರೆ ವೈಟ್ ಸಿಮೆಂಟ್ ಸಾಕಿತ್ತು, ಅದು ಬಿಡಿ.

ಈಗ ಇದನ್ನೆಲ್ಲ ಸೇರ್ಸಿ ಒಂದೇ ಮಾತಲ್ಲಿ ಏನನ್ಬೇಕು? "ಮುಚ್ಚೋದು" ಅಂದ್ರೆ ಮೇಲೊಂದು ತಗಡು ಹೊಡೆದ್ರೂ ಮುಚ್ಚಿದಂಗೇ. "ಮೆತ್ತೋದು" ಹೊಟ್ಟಿನ ಅಂಟಿಗೆ ಸರಿ, ತುಂಡಿಗೆ ಅಲ್ಲ. "ತೇಪೆ" ಅಂದ್ರೆ ಕೆಲಸ ಹೇಗೋ ಸಾಗಹಾಕಿದ್ರು ಅನ್ನೋ ಅರ್ಥ ಬಂದುಬಿಡುತ್ತೆ, ಅಷ್ಟು ಚೆನ್ನಾಗಿ ಮಾಡಿದವರಿಗೆ ಅವಮಾನ. ಬಡಗಿ ಬಾಯಲ್ಲಿ ಬಂದಿದ್ದು "ಪೀಸ್ ಹಾಕೋದು", ಸದ್ಯಕ್ಕೆ ನಾನು "ತುಂಡು ಕೂರಿಸೋದು" ಅಂತ ಬರ್ಕೊಂಡಿದೀನಿ.

ಸಾಗರ, ಸೊರಬ, ಹೊಸನಗರ ಕಡೆಯ ಮರಗೆಲಸದವರು ಇದಕ್ಕೆ ಬೇರೆ ಮಾತು ಆಡೋದನ್ನ ಯಾರಾದ್ರೂ ಕೇಳಿದೀರಾ? ಮತ್ತೆ ಕಾರಣೆ ಅನ್ನೋದನ್ನ ಕೆಮ್ಮಣ್ಣಿನ ಪಟ್ಟಿಗೆ ಬಿಟ್ಟು ಮರದ್ದಕ್ಕೋ ಟೈಲ್ಸ್‌ದಕ್ಕೋ ಯಾರಾದ್ರೂ ಹೇಳಿದ್ದುಂಟಾ?