ಮೈನ್‌ಕ್ರಾಫ್ಟ್: 14 ಚೆಸ್ಟ್ ಇದ್ದರೂ ಜಾಗ ಸಾಲುತ್ತಿಲ್ಲ, ಮೇಲಿಂದ ಬೆಕ್ಕಿನ ಕಾಟ ಬೇರೆ

ಪ್ರಶ್ನೆ (ಹಿತ್ತಲಮನೆ)

ನಾನು, ನನ್ನ ಮಗ ಇಬ್ಬರೂ ಮೈನ್‌ಕ್ರಾಫ್ಟ್ ಗೇಮ್‌ನ ಒಂದೇ ಸರ್ವೈವಲ್ ವರ್ಲ್ಡ್‌ನಲ್ಲಿ (ಬೇಕಾದ್ದನ್ನೆಲ್ಲ ನಾವೇ ಅಗೆದು, ಮಾಡಿಕೊಂಡು ಬದುಕುವ ಆಟ) ಆಡುತ್ತೇವೆ. ಕಂಪ್ಯೂಟರ್‌ನ ಜಾವಾ ಎಡಿಷನ್. ಅವನು ಗಣಿ ಅಗೆದು ತಂದು ಸುರಿಯುತ್ತಾನೆ, ಎತ್ತಿಡುವ ಕೆಲಸ ನನ್ನದು. ಇಲ್ಲೂ ಅದೇ ಗತಿ ನೋಡಿ! ಈಗ 14 ಡಬಲ್ ಚೆಸ್ಟ್ (ಎರಡು ಪೆಟ್ಟಿಗೆ ಜೋಡಿಸಿದ್ದು) ಆಗಿವೆ. ಸರ್ಕ್ಯೂಟ್ ಮಾಡುವ ರೆಡ್‌ಸ್ಟೋನ್ ಪುಡಿಯೇ 18 ಸ್ಟ್ಯಾಕ್ (64ರ ಕಟ್ಟು) ಇದೆ. ನಿನ್ನೆ ಒಂದು ಕುದುರೆ ಜೀನು ಹುಡುಕಲು ಎಲ್ಲ ಚೆಸ್ಟ್ ತೆಗೆದೆ. ಕೊನೆಗೆ ಗೋಧಿ ಬೀಜದ ಪಕ್ಕದಲ್ಲಿತ್ತು.

ಇನ್ನೊಂದು ಗೋಳು. ಹತ್ತಿರ ಬಂದು ಸಿಡಿಯುವ ಕ್ರೀಪರ್ ಅನ್ನೋ ರಾಕ್ಷಸ ಬರದಿರಲಿ ಅಂತ ಬೆಕ್ಕು ಸಾಕಿದ್ದೇವೆ. ಅದು ಹೋಗಿ ಹೋಗಿ ಬಾಗಿಲ ಪಕ್ಕದ ಚೆಸ್ಟ್ ಮೇಲೇ ಕೂರುತ್ತದೆ. ಆಮೇಲೆ ಚೆಸ್ಟ್ ತೆರೆಯುವುದೇ ಇಲ್ಲ.

ಆಟದ ಕೊನೆಯ ಲೋಕ ಎಂಡ್‌ಗೆ ಇನ್ನೂ ಹೋಗಿಲ್ಲ. ಸುಮ್ನೆ ಹೊಸ ಚೆಸ್ಟ್ ಮಾಡುತ್ತಾ ಹೋಗಬೇಕಾ?

ಉತ್ತರ 1 (ಕಲ್ಲುಗಣಿ)

ಬೇಡ. ಮೊದಲು ಇರುವುದನ್ನು ಕುಗ್ಗಿಸಿ. ಒಂಬತ್ತು ರೆಡ್‌ಸ್ಟೋನ್ ಪುಡಿಯನ್ನು ಕ್ರಾಫ್ಟಿಂಗ್ ಟೇಬಲ್‌ನ ಒಂಬತ್ತೂ ಮನೆಗೆ ಹಾಕಿದರೆ ಒಂದು ಬ್ಲಾಕ್. ನಿಮ್ಮ 18 ಸ್ಟ್ಯಾಕ್ ಎರಡೇ ಸ್ಟ್ಯಾಕ್ ಆಗುತ್ತದೆ. ಬೇಕಾದಾಗ ಬ್ಲಾಕನ್ನು ಮತ್ತೆ ಟೇಬಲ್‌ಗೆ ಹಾಕಿ, ಒಂಬತ್ತೂ ವಾಪಸ್. ಕಬ್ಬಿಣ, ಚಿನ್ನ, ವಜ್ರ, ಲ್ಯಾಪಿಸ್, ಕಲ್ಲಿದ್ದಲು ಎಲ್ಲದಕ್ಕೂ ಇದೇ ಲೆಕ್ಕ. ಗೋಧಿಯೂ ಹುಲ್ಲಿನ ಕಂತೆ ಆಗುತ್ತದೆ.

ಕಲ್ಲಿದ್ದಲಿನಲ್ಲಂತೂ ಲಾಭವೇ ಇದೆ. ಫರ್ನೇಸ್‌ನಲ್ಲಿ (ಒಲೆಯಲ್ಲಿ) ಒಂಬತ್ತು ಕಲ್ಲಿದ್ದಲು ಬಿಡಿಯಾಗಿ ಉರಿಸಿದರೆ 72 ವಸ್ತು ಬೇಯುತ್ತವೆ, ಬ್ಲಾಕ್ ಮಾಡಿ ಉರಿಸಿದರೆ 80. ಆದರೆ ಕ್ವಾರ್ಟ್ಜ್ ಮುಟ್ಟಬೇಡಿ. ನಾಲ್ಕಕ್ಕೆ ಒಂದು ಬ್ಲಾಕ್ ಆಗುತ್ತದೆ, ಆದರೆ ವಾಪಸ್ ಬರುವುದಿಲ್ಲ. ನಾನು ಜೋಶ್‌ನಲ್ಲಿ ಮೂರು ಸ್ಟ್ಯಾಕ್ ಕ್ವಾರ್ಟ್ಜ್ ಬ್ಲಾಕ್ ಮಾಡಿಬಿಟ್ಟೆ. ಮರುದಿನ ರೆಡ್‌ಸ್ಟೋನ್ ಸರ್ಕ್ಯೂಟಿಗೆ ಬೇಕಾದ ಕಂಪ್ಯಾರೇಟರ್ ಮಾಡಲು ಒಂದೇ ಒಂದು ಕ್ವಾರ್ಟ್ಜ್ ಇಲ್ಲ! ಮತ್ತೆ ನೆದರ್ ಲೋಕಕ್ಕೆ ಹೋಗಿ ಬೆಂಕಿಯುಂಡೆ ಉಗುಳುವ ಗಾಸ್ಟ್ ಕೈಲಿ ಹೊಡೆಸಿಕೊಂಡು ಬಂದೆ. ಆ ಬ್ಲಾಕ್‌ಗಳಲ್ಲಿ ಒಂದು ಬಾವಿ ಕಟ್ಟಿದ್ದೇನೆ, ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ.

ಬೆಕ್ಕಿಗೆ ಮದ್ದು ಬ್ಯಾರಲ್, ಅಂದರೆ ಮರದ ಪೀಪಾಯಿ. ಟೇಬಲ್‌ನಲ್ಲಿ ಎಡಗಡೆ ಮೂರು, ಬಲಗಡೆ ಮೂರು ಹಲಗೆ, ನಡುವೆ ಮೇಲೊಂದು ಕೆಳಗೊಂದು ಮರದ ಸ್ಲ್ಯಾಬ್ (ಅರ್ಧ ಬ್ಲಾಕ್). ಒಂದು ಚೆಸ್ಟ್‌ನಷ್ಟೇ 27 ಜಾಗ, ಡಬಲ್ ಆಗುವುದಿಲ್ಲ ಅಷ್ಟೇ. ಆದರೆ ಮೇಲೆ ಕಲ್ಲಿಟ್ಟರೂ ತೆರೆಯುತ್ತದೆ. ಹಾಗಾಗಿ ನೆಲದಿಂದ ಸೂರಿನವರೆಗೆ ಒಂದರ ಮೇಲೊಂದು ಪೇರಿಸಬಹುದು. ಪ್ರತಿಯೊಂದರ ಮುಂದೆ ಐಟಂ ಫ್ರೇಮ್ ಹಾಕಿ, ಒಳಗಿರುವ ವಸ್ತು ಒಂದನ್ನು ಅದರಲ್ಲಿ ಇಡಿ. ಅಡುಗೆಮನೆ ಡಬ್ಬಿಗೆ ಚೀಟಿ ಅಂಟಿಸಿದ ಹಾಗೆ.

ಉತ್ತರ 2 (ತಾಮ್ರದ ಚೊಂಬು)

ಹೊಸ ವರ್ಷನ್ ಆದರೆ ತಾಮ್ರದ ಗೊಲೆಮ್ (ತಾನೇ ಓಡಾಡುವ ಗೊಂಬೆ) ಮಾಡಿಕೊಳ್ಳಿ. ತಾಮ್ರದ ಬ್ಲಾಕ್ ಮೇಲೆ ಕೆತ್ತಿದ ಕುಂಬಳಕಾಯಿ ಇಟ್ಟರೆ ಆಯಿತು. ಮಗ ಎಲ್ಲವನ್ನೂ ತಾಮ್ರದ ಚೆಸ್ಟ್‌ಗೆ ಸುರಿಯಲಿ. ಗೊಲೆಮ್ ಅದನ್ನು ಎತ್ತಿಕೊಂಡು ಹೋಗಿ, ಅದೇ ವಸ್ತು ಇರುವ ಮರದ ಚೆಸ್ಟ್‌ಗೆ ಹಾಕುತ್ತದೆ. ಬ್ಯಾರಲ್ ಮಾತ್ರ ಮುಟ್ಟುವುದಿಲ್ಲ, ಅದಕ್ಕೇ ನಾಲ್ಕೈದು ಚೆಸ್ಟ್ ಉಳಿಸಿಕೊಳ್ಳಿ.

ಉತ್ತರ 3 (ಕಲ್ಲುಗಣಿ)

ಹೌದಲ್ವಾ, ಅದು ಮರೆತೇ ಹೋಗಿತ್ತು. ಇನ್ನೊಂದು ಹೇಳುತ್ತೇನೆ. ಎಂಡ್‌ಗೆ ಹೋಗದೆಯೂ ಎಂಡರ್ ಚೆಸ್ಟ್ ಮಾಡಬಹುದು. ಎಂಟು ಅಬ್ಸಿಡಿಯನ್ (ಗಟ್ಟಿ ಕಪ್ಪು ಕಲ್ಲು), ಒಂದು ಐ ಆಫ್ ಎಂಡರ್ (ಮಾಯದ ಕಣ್ಣು). ಒಂದು ಮನೆಯಲ್ಲಿ, ಇನ್ನೊಂದು ಗಣಿಯಲ್ಲಿ ಇಟ್ಟರೆ ಎರಡರಲ್ಲೂ ನಿಮ್ಮದೇ ಸಾಮಾನು ಕಾಣುತ್ತದೆ. ಮಗ ತೆರೆದರೆ ಅವನದು ಮಾತ್ರ. ಎತ್ತುವಾಗ ಸಿಲ್ಕ್ ಟಚ್ ಮಂತ್ರ ಇರುವ ಪಿಕಾಸಿಯೇ ಬೇಕು, ಇಲ್ಲದಿದ್ದರೆ ಎಂಟು ಅಬ್ಸಿಡಿಯನ್ ಮಾತ್ರ ಸಿಗುತ್ತದೆ, ಆ ಮಾಯದ ಕಣ್ಣು ಹೋಯಿತು. ಒಳಗಿನ ಸಾಮಾನಿಗೇನೂ ಆಗುವುದಿಲ್ಲ, ಹೆದರಬೇಡಿ.

ಹಿತ್ತಲಮನೆ

ರೆಡ್‌ಸ್ಟೋನ್ ಎರಡು ಸ್ಟ್ಯಾಕ್‌ಗೆ ಇಳಿಯಿತು, ಕಲ್ಲಿದ್ದಲು ಒಂದಕ್ಕೆ. ಬಾಗಿಲ ಪಕ್ಕ ಆರು ಬ್ಯಾರಲ್ ಪೇರಿಸಿದ್ದೇನೆ. ಎಂಡರ್ ಚೆಸ್ಟ್‌ನಲ್ಲಿ ನಾನಿಟ್ಟದ್ದು ನನಗೊಬ್ಬಳಿಗೇ ಕಾಣುತ್ತದೆ ಅಂತ ಗೊತ್ತಾಗಿ ಮಗ ಮುಖ ಊದಿಸಿಕೊಂಡಿದ್ದಾನೆ. ಬೆಕ್ಕು ಈಗ ಉರಿಯುತ್ತಿರುವ ಫರ್ನೇಸ್ ಮೇಲೆ ಕೂತಿದೆ. ಫರ್ನೇಸ್ ಹೇಗೂ ತೆರೆಯುತ್ತದೆ, ಕೂತಿರಲಿ ಬಿಡಿ.